ಅಂಗಳದ ಹುಲ್ಲಿಗೆ ಅಂಚು ಕಟ್ಟುವ ಕೆಲಸ

ಮಲೆನಾಡಿನ ಮನೆಗೆ ಅಂಗಳವೇ ಮುಖ. ಹಿಂದೆ ಅದು ಸೆಗಣಿ ಮತ್ತು ಇದ್ದಿಲ ಪುಡಿ ಸೇರಿಸಿ ಸಾರಿಸಿದ ಗಟ್ಟಿ ನೆಲವಾಗಿತ್ತು. ಹುಲ್ಲಿಗೆ ಅಲ್ಲಿ ಎಡೆಯೇ ಇರಲಿಲ್ಲ. ಹುಲ್ಲುಹಾಸು ಬೆಳೆಸುವ ಹವ್ಯಾಸ ನಮ್ಮ ಕಡೆಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟ ಮಾಡಲು ಬಂದ ಯುರೋಪಿಯನ್ನರ ಬಂಗಲೆಗಳಿಂದ. ಈಗ ಮೂರು ನಾಲ್ಕು ಎಕರೆ ತೋಟದವರ ಮನೆಯ ಮುಂದೆಯೂ ಒಂದು ತುಂಡು ಹಸಿರು ಕಾಣುತ್ತದೆ. ಮನೆಯಲ್ಲಿ ಮದುವೆ ಕಾರ್ಯವೆಂದು ಕೆಲವರು ಹಾಕಿಸಿದ್ದಾರೆ, ಹೋಂಸ್ಟೇ ತೆರೆದವರು ಅತಿಥಿಗಳಿಗಾಗಿ ಹಾಕಿಸಿದ್ದಾರೆ, ಮಳೆಗಾಲದಲ್ಲಿ ಅಂಗಳದ ಮಣ್ಣು ಕೊಚ್ಚಿಹೋಗುವುದನ್ನು ನೋಡಲಾರದೆ ಹಾಕಿದವರೂ ಉಂಟು. ಹುಲ್ಲು ಹಾಕುವುದು ಕಷ್ಟವಲ್ಲ. ಹಾಕಿದ ಜಾಗದಲ್ಲೇ ಅದನ್ನು ನಿಲ್ಲಿಸುವುದು ಕಷ್ಟ.

ಹುಲ್ಲು ಎಲ್ಲಿ ಮುಗಿಯಬೇಕೋ ಅಲ್ಲಿಯೇ ಮುಗಿಯುವಂತೆ ಮಾಡುವುದನ್ನು ಅಂಚು ಕಟ್ಟುವುದು ಎನ್ನುತ್ತೇವೆ. ಇದು ಬರಿಯ ಅಂದದ ಮಾತೆಂದು ಬೆಳೆಗಾರರು ಅಲಕ್ಷಿಸುವುದುಂಟು. ಆದರೆ ಬೆಳೆಗಾರನ ಮನೆಯ ಹುಲ್ಲಿನ ಪಕ್ಕದಲ್ಲಿ ಏನೇನಿರುತ್ತದೆ ಎಂಬುದನ್ನು ಗಮನಿಸಬೇಕು. ಒಂದು ಕಡೆ ಅಡಿಕೆ, ಕಾಫಿ ಒಣಗಿಸುವ ಕಣ. ಇನ್ನೊಂದು ಕಡೆ ಸೂರಿನ ನೀರು ಹೋಗುವ ಚರಂಡಿ. ನಡುವೆ ಕೊಟ್ಟಿಗೆಗೂ ಬಚ್ಚಲಿಗೂ ಹೋಗುವ ಕಾಲುದಾರಿ. ಚರಂಡಿಯ ಬಾಯಿಗೆ ಹುಲ್ಲು ಹಬ್ಬಿದರೆ ಜೂನ್ ತಿಂಗಳ ಮೊದಲ ಜಡಿಮಳೆಗೆ ನೀರು ಮನೆಯ ತಳಪಾಯದ ಕಡೆಗೆ ತಿರುಗುತ್ತದೆ. ಕಣದ ಸಿಮೆಂಟಿನ ಬಿರುಕಿಗೆ ಗರಿಕೆ ಬೇರಿಳಿಸಿದರೆ ಬಿರುಕು ದೊಡ್ಡದಾಗುತ್ತದೆ. ಚಾಲಿ ಮಾಡುವ ಹಣ್ಣಡಿಕೆ ಸುಮಾರು 40 ದಿನ ಬಿಸಿಲಿನಲ್ಲಿ ಇರಬೇಕು. ಅಷ್ಟು ದಿನವೂ ಕಣದ ಅಂಚಿನ ಹುಲ್ಲು ಬೆಳಗಿನ ಇಬ್ಬನಿಯನ್ನು ಹಿಡಿದಿಟ್ಟು ಕೊನೆಯ ಸಾಲಿನ ಅಡಿಕೆಗೆ ಕೊಡುತ್ತದೆ. ಬೂಸಲು ಹಿಡಿದ ಅಡಿಕೆ ಸಿಗುವುದು ಬಹುಮಟ್ಟಿಗೆ ಆ ಸಾಲಿನಲ್ಲೇ. ಕಾಫಿಯ ಮಾತೂ ಅದೇ.

ಇವೆಲ್ಲಕ್ಕಿಂತ ಮುಖ್ಯವಾದುದು ಕಾಲುದಾರಿ. ಮೊಣಕಾಲೆತ್ತರದ ಹುಲ್ಲಿನೊಳಗೆ ರಾತ್ರಿ ಯಾರೂ ಕಾಲಿಡುವುದಿಲ್ಲ, ಭಯವಿರುತ್ತದೆ. ಆದರೆ ದಾರಿಯ ಮೇಲಕ್ಕೆ ಗೇಣುದ್ದ ಬಾಗಿಬಿದ್ದ ಅಂಚಿನ ಹುಲ್ಲಿನ ಪಕ್ಕದಲ್ಲಿ ಬರಿಗಾಲಲ್ಲಿ, ಟಾರ್ಚಿಲ್ಲದೆ ನಡೆಯುತ್ತೇವೆ. ಕಣದ ಕಾಳುಕಡ್ಡಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಕೊಳಕುಮಂಡಲವು ಹುಲ್ಲಿನ ಬುಡದಲ್ಲಿ ಅಲುಗಾಡದೆ ಮಲಗಿದ್ದರೆ ಹಗಲಿನಲ್ಲೂ ಕಣ್ಣಿಗೆ ಬೀಳುವುದು ಕಷ್ಟ. ನಮ್ಮ ತೋಟಗಳಲ್ಲಿ ಮೂಗಿನ ತುದಿ ಮೇಲೆತ್ತಿರುವ ಚಿಕ್ಕ ಗುಳಿಮಂಡಲವೂ ಇದೆ. ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ ಮಾಡಿದ್ದೇ ಹೊರತು ಇದರದ್ದಕ್ಕಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅಂಚು ಕತ್ತರಿಸಿದರೆ ಹಾವು ಬರುವುದಿಲ್ಲವೆಂದು ಯಾರೂ ಹೇಳಲಾರರು. ಬಂದದ್ದು ಕಣ್ಣಿಗೆ ಕಾಣುತ್ತದೆ, ಅಷ್ಟೇ ಸಾಕು. ದಾರಿಯ ಎರಡೂ ಬದಿಗೆ ಒಂದೊಂದು ಅಡಿ ನೆಲ ಕಾಣುವಂತಿರಲಿ.

ಉಣುಗಿನ ಬಗ್ಗೆ ಒಂದು ಮಾತು. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗೊತ್ತಾದ ಮಂಗನಕಾಯಿಲೆ ಉಣುಗಿನಿಂದ ಹರಡುತ್ತದೆ. ಅದರ ನೆಲೆ ಕಾಡಿನ ತರಗೆಲೆ. ಅಂಗಳದ ಹುಲ್ಲನ್ನು ದೂರುವುದು ಸರಿಯಲ್ಲ. ಆದರೂ ದರಗು ತಂದು ಸುರಿಯುವ ಜಾಗ, ದನ ನಾಯಿಗಳು ಮಲಗುವ ಜಾಗ ಹುಲ್ಲಿಗೆ ತಾಗಿದ್ದರೆ ಅಲ್ಲಿಯ ಅಂಚನ್ನು ನೆಲಮಟ್ಟಕ್ಕೆ ಕತ್ತರಿಸಿಡುವುದು ಕ್ಷೇಮ. ಡಿಸೆಂಬರಿನಿಂದ ಮೇ ತನಕ ಈ ಎಚ್ಚರ ಹೆಚ್ಚಾಗಿರಬೇಕು.

ಇನ್ನು ಕೆಲಸದ ಕ್ರಮ. ಅಂಚನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಡಿಯತಕ್ಕದ್ದು, ಉಳಿದ ದಿನಗಳಲ್ಲಿ ಸವರಿದರೆ ಸಾಕು. ಕಡಿಯಲು ತಕ್ಕ ಕಾಲ ಮೇ ತಿಂಗಳು. ಒಂದೆರಡು ಮಳೆ ಬಿದ್ದು ನೆಲ ಮೆದುವಾಗಿರುತ್ತದೆ, ಮುಂಗಾರು ಹಿಡಿದಿರುವುದಿಲ್ಲ. ಒಣಗಿದ ಜಂಬಿಟ್ಟಿಗೆ ಮಣ್ಣಿನಲ್ಲಿ ಗುದ್ದಲಿ ಪುಟಿದು ಗೆರೆ ಸೊಟ್ಟಗಾಗುತ್ತದೆ. ಜಡಿಮಳೆಯಲ್ಲಿ ಕಡಿದರೆ ಅಂಚು ಕೂಡಲೇ ಕುಸಿಯುತ್ತದೆ.

ಎರಡು ಗೂಟ ನೆಟ್ಟು ನಡುವೆ ಹಗ್ಗ ಬಿಗಿಯಾಗಿ ಎಳೆಯಿರಿ. ಕಣ್ಣಳತೆ ಎಷ್ಟೇ ಚೆನ್ನಾಗಿದ್ದರೂ ಹಗ್ಗ ಬಿಡಬಾರದು. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಗೆರೆ ಹಾವಿನಂತಾಗುತ್ತದೆ. ತುಳಸಿಕಟ್ಟೆಯ ಸುತ್ತ ದುಂಡಾದ ಅಂಚು ಬೇಕಿದ್ದರೆ ನೀರಿನ ಪೈಪನ್ನು ಬಿಸಿಲಿಗಿಟ್ಟು ಮೆದುವಾದ ಮೇಲೆ ನೆಲದ ಮೇಲೆ ಬಾಗಿಸಿಟ್ಟು ಅದರ ಪಕ್ಕದಲ್ಲೇ ಕಡಿಯಬಹುದು. ಇಂಗ್ಲೆಂಡಿನ ತೋಟಗಾರರು ಇದಕ್ಕೆ ಅರ್ಧಚಂದ್ರಾಕಾರದ ಅಲಗನ್ನು ನೇರ ಹಿಡಿಗೆ ಸಿಕ್ಕಿಸಿ, ಮೇಲೆ ಕಾಲಿಟ್ಟು ಒತ್ತುತ್ತಾರೆ. ಇದು ಬೇಕೆಂದರೆ ಪೇಟೆಯಿಂದ ತರಿಸಬೇಕಾಗಿಲ್ಲ. ಸವೆದ ಗುದ್ದಲಿಯ ತಗಡನ್ನು ಊರಿನ ಕಮ್ಮಾರರಿಗೆ ಕೊಟ್ಟರೆ ಒಂದು ಗಂಟೆಯ ಕೆಲಸ. ಅದಿಲ್ಲದವರಿಗೆ ಚಪ್ಪಟೆ ಬಾಯಿಯ ಹಾರೆಯೂ ಆಗುತ್ತದೆ.

ಆದರೆ ಅವರು ಕಡಿಯುವ ರೀತಿಯನ್ನು ಮಾತ್ರ ಹಾಗೆಯೇ ಅನುಸರಿಸಬಾರದು. ಹುಲ್ಲು ಕತ್ತರಿಸುವ ಗಾಲಿಯಂತ್ರವನ್ನು 1830ರಲ್ಲಿ ಎಡ್ವಿನ್ ಬಡ್ಡಿಂಗ್ ಕಂಡುಹಿಡಿದ ಆ ದೇಶದಲ್ಲಿ ಮಳೆ ಜಿನುಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಅಲ್ಲಿನವರು ಅಂಚನ್ನು ಗೋಡೆಯಂತೆ ನೆಟ್ಟಗೆ ಕಡಿಯುತ್ತಾರೆ. ನಮ್ಮಲ್ಲಿ ಹಾಗೆ ಕಡಿದರೆ ಆಷಾಢ ಮುಗಿಯುವುದರೊಳಗೆ ಅಂಚಿನ ಮಣ್ಣು ಚರಂಡಿಯಲ್ಲಿರುತ್ತದೆ. ಹುಲ್ಲಿನ ಕಡೆಯ ಬದಿಗೆ ಇಳಿಜಾರು ಕೊಡಬೇಕು. ಹೊರಬದಿ ನೆಟ್ಟಗಿರಲಿ. ಹೀಗೆ ಕಡಿದಾಗ ನಾಲ್ಕರಿಂದ ಆರು ಅಂಗುಲ ಆಳದ ಒಂದು ಸಣ್ಣ ತೋಡು ಆಗುತ್ತದೆ. ಈ ತೋಡಿನ ತಳ ಚರಂಡಿಯ ಕಡೆಗೆ ಸ್ವಲ್ಪ ವಾಟವಾಗಿದ್ದರೆ ಅದೇ ಬಸಿಗಾಲುವೆಯೂ ಆಯಿತು. ಕಾಫಿ ಗಿಡದ ಹತ್ತಿರ ಮಾತ್ರ ಇಷ್ಟು ಆಳ ಕೂಡದು. ಕಾಫಿಯ ಆಹಾರ ಹೀರುವ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹೆಚ್ಚಾಗಿರುವುದರಿಂದ ಅಲ್ಲಿ ಕೈಯಿಂದ ಹುಲ್ಲು ಕೀಳುವುದೇ ಲೇಸು.

ಆಳ ಎಷ್ಟೆಂಬುದು ಹುಲ್ಲಿನ ಜಾತಿಯನ್ನೂ ಅವಲಂಬಿಸಿದೆ. ಅಗಲ ಎಲೆಯ ಕಾರ್ಪೆಟ್ ಹುಲ್ಲು, ಬಫಲೋ ಹುಲ್ಲುಗಳು ನೆಲದ ಮೇಲೆ ಬಳ್ಳಿ ಬಿಟ್ಟು ಹರಡುತ್ತವೆ. ಅವಕ್ಕೆ ಎರಡು ಮೂರು ಅಂಗುಲ ಸಾಕು. ಗರಿಕೆ ನೆಲದ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ. ಅದಕ್ಕೆ ಆರು ಅಂಗುಲ ಬೇಕೇ ಬೇಕು. (ಚೌತಿಗೆ ಗರಿಕೆ ಹುಡುಕಿಕೊಂಡು ಹೋಗುವುದು ತಪ್ಪಲಿ ಎಂದು ತುಳಸಿಕಟ್ಟೆಯ ಬಳಿ ಒಂದು ಗೇಣು ಬಿಟ್ಟುಕೊಳ್ಳುವವರಿಗೆ ನಮ್ಮ ಆಕ್ಷೇಪಣೆ ಇಲ್ಲ.) ಕೊನ್ನಾರಿ ಗೆಡ್ಡೆಗೆ ಈ ತೋಡು ಲೆಕ್ಕಕ್ಕೇ ಇಲ್ಲ, ಅದನ್ನು ಗೆಡ್ಡೆ ಸಹಿತ ಅಗೆದು ತೆಗೆಯಬೇಕು. ಮುಟ್ಟಿದರೆ ಮುನಿ ಹುಲ್ಲುಹಾಸಿನೊಳಗೆ ನುಗ್ಗುವುದು ಅಂಚಿನಿಂದಲೇ. ಹೂ ಬಿಡುವ ಮೊದಲೇ ಕಿತ್ತರೆ ಮುಂದಿನ ವರ್ಷದ ಕೆಲಸ ಅರ್ಧವಾಗುತ್ತದೆ.

ತೋಡಿನ ಬದಲು ಏನಾದರೂ ಹುಗಿಯಬಹುದೇ ಎಂದು ಹಲವರು ಕೇಳುತ್ತಾರೆ. ಅಡಿಕೆ ದಬ್ಬೆ ಕೈಯಲ್ಲೇ ಇರುವ ವಸ್ತು, ನೋಡಲೂ ಚೆನ್ನ. ಆದರೆ ಮಣ್ಣಿನಲ್ಲಿ ಗೆದ್ದಲು ಹಿಡಿಯುವುದರಿಂದ ಬಹಳ ಕಾಲ ಬಾಳದು. ಜಂಬಿಟ್ಟಿಗೆ ಕಲ್ಲು ಬಾಳುತ್ತದೆ. ಅದನ್ನು ನೆಲದಿಂದ ಮೇಲೆ ಸಾಲಾಗಿ ಪೇರಿಸುವ ವಾಡಿಕೆ ಮಾತ್ರ ಒಳ್ಳೆಯದಲ್ಲ. ಕಲ್ಲು ಕಲ್ಲಿನ ಸಂದು ಹಾವಿಗೆ, ಕಪ್ಪೆಗೆ, ಚೇಳಿಗೆ ಮನೆ ಕಟ್ಟಿಕೊಟ್ಟಂತೆ. ಕಲ್ಲನ್ನು ನೆಲಮಟ್ಟಕ್ಕೆ ಹುಗಿದು ಸಂದುಗಳಿಗೆ ಗಾರೆ ತುಂಬಬೇಕು. ಆಗ ಯಂತ್ರವನ್ನು ಅದರ ಮೇಲೆಯೇ ಓಡಿಸಬಹುದು.

ಯಂತ್ರವೆಂದಾಗ, ಹುಲ್ಲು ಹೊಡೆಯುವ ಮಿಷನ್ ಈಗ ಬಹಳ ಮನೆಗಳಲ್ಲಿದೆ. ಆಳು ಸಿಗದ ಈ ಕಾಲದಲ್ಲಿ ಅದು ವರವೇ ಸರಿ. ಅಂಚಿನ ಕೆಲಸಕ್ಕೆ ಕಬ್ಬಿಣದ ಅಲಗನ್ನು ತೆಗೆದು ನೈಲಾನ್ ದಾರ ಹಾಕಿಕೊಳ್ಳಿ. ಕಲ್ಲಿಗೆ ತಾಗಿದ ಅಲಗು ಮುರಿದು ಹಾರಿದರೆ ಅನಾಹುತ. ದಾರವೂ ಸಾಧುವಲ್ಲ, ಎಳೆಯ ಅಡಿಕೆ ಸಸಿಗೆ, ಹೂಗಿಡದ ಬುಡಕ್ಕೆ ನಾಲ್ಕು ಸಲ ತಾಗಿದರೆ ಸಿಪ್ಪೆ ಸುಲಿದು ಗಿಡ ಸೊರಗುತ್ತದೆ. ಗಿಡದ ಸುತ್ತ ಅರ್ಧ ಅಡಿ ಕತ್ತಿಯಿಂದಲೇ ಆಗಲಿ. ಕನ್ನಡಕ, ಗಂಬೂಟು ಇಲ್ಲದೆ ಯಂತ್ರ ಹಿಡಿಯಕೂಡದು. ಮಕ್ಕಳು ಅಂಗಳದಲ್ಲಿ ಆಡುತ್ತಿರುವಾಗ ಹೊಡೆಯಲೇಬಾರದು, ಹಾರಿದ ಕಲ್ಲುಹರಳು ಎಷ್ಟು ದೂರ ಹೋಗುತ್ತದೆಂದು ಹೇಳಲಾಗದು.

ಕಳೆನಾಶಕ ಹೊಡೆದು ಅಂಚನ್ನು ಸುಟ್ಟುಬಿಡುವ ಪದ್ಧತಿಯನ್ನು ಈ ಪುಟ ಒಪ್ಪುವುದಿಲ್ಲ. ಗ್ಲೈಫೋಸೇಟ್ ಬಳಕೆಯನ್ನು ಕೀಟನಿಯಂತ್ರಣದ ಪರವಾನಗಿ ಪಡೆದವರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತ್ತೆಂಬುದು ಹಾಗಿರಲಿ. ಬೇರು ಸತ್ತ ಅಂಚಿನ ಮಣ್ಣನ್ನು ಹಿಡಿಯುವವರು ಯಾರು? ಮೊದಲ ಮಳೆಗೆ ಅದು ಕೊರೆದು ಹೋಗುತ್ತದೆ, ಬೋಳಾದ ಆ ಪಟ್ಟಿಯಲ್ಲಿ ಹುಲ್ಲಿಗಿಂತ ಕೆಟ್ಟ ಕಳೆ ಬರುತ್ತದೆ. ಅಂಗಳದ ನೀರು ಇಳಿಯುವುದು ನಾವು ಕುಡಿಯುವ ಬಾವಿಗೇ ಎಂಬುದೂ ನೆನಪಿರಲಿ.

ಒಮ್ಮೆ ಕಡಿದ ಅಂಚನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸವರಿದರೆ ಅರ್ಧ ಗಂಟೆಯ ಕೆಲಸ. ಅದಕ್ಕೆಂದೇ ಆಳು ಕರೆಯಬೇಕಾಗಿಲ್ಲ. ಮೂರು ತಿಂಗಳು ಬಿಟ್ಟು ನೋಡಿದರೆ ಒಂದು ದಿನದ ಕೂಲಿ ಹೋಗುತ್ತದೆ. ಚೌತಿ ಕಳೆದ ಮೇಲೆ ಮಳೆ ಬಿಡುವು ಕೊಟ್ಟಾಗ, ಅಡಿಕೆ ಕೊಯ್ಲಿಗೂ ಕಾಫಿ ಕೊಯ್ಲಿಗೂ ಮೊದಲು ತೋಡಿನಲ್ಲಿ ತುಂಬಿದ ಮಣ್ಣನ್ನು ಒಂದು ಸಲ ಎತ್ತಿ, ಕಣದ ಸುತ್ತ ಒಂದಡಿ ಬರಿನೆಲ ಬಿಡಿಸಿಟ್ಟರೆ ಕೊಯ್ಲಿನ ಗಡಿಬಿಡಿಯಲ್ಲಿ ಆ ಕಡೆ ನೋಡಬೇಕಾಗಿಲ್ಲ.

ಕಡಿದು ತೆಗೆದ ಹುಲ್ಲಿನ ಹೆಂಟೆಗಳನ್ನು ಏನು ಮಾಡುವುದು? ಒಳ್ಳೆಯವನ್ನು ಹುಲ್ಲುಹಾಸಿನ ಬೋಳು ಜಾಗಕ್ಕೆ ಕೂರಿಸಿ, ಕಾಲಿನಿಂದ ಒತ್ತಿ ನೀರು ಹಾಕಿ. ಉಳಿದವನ್ನು ಬೇರು ಮೇಲಾಗುವಂತೆ ಮಗುಚಿ ಒಂದು ಮೂಲೆಯಲ್ಲಿ ರಾಶಿ ಮಾಡಿ, ಮೇಲೆ ಅಡಿಕೆ ಸೋಗೆ ಮುಚ್ಚಿಡಿ. ವರ್ಷ ಕಳೆದರೆ ಕರಿಮೆಣಸಿನ ನರ್ಸರಿ ಚೀಲಕ್ಕೆ ಒಳ್ಳೆಯ ಮಣ್ಣು. ಗರಿಕೆ ಇರುವ ಹೆಂಟೆಯನ್ನು ಮಾತ್ರ ಬೇರೆ ಮಾಡಿ ಬಿಸಿಲಿಗೆ ಹರವಿ ಪೂರ್ತಿ ಒಣಗಿಸಿ. ಹಸಿಯಾಗಿ ಕಾಫಿ ಬುಡಕ್ಕೆ ಹಾಕಿದರೆ ಅಂಗಳದಲ್ಲಿ ಕಿತ್ತದ್ದನ್ನು ತೋಟದಲ್ಲಿ ನೆಟ್ಟಂತಾಗುತ್ತದೆ.