ಕೋಣೆಯೊಳಗೆ ಬಾರ್ಶಿ ಲೈಟ್

ಮುಂಬೈ ಕಡೆಯಿಂದ ಬಂದು ಸೊಲ್ಲಾಪುರ, ಅಕ್ಕಲಕೋಟ ರೋಡ್, ದುಧನಿ ದಾಟಿ ಕಲಬುರಗಿಯತ್ತ ಓಡುವ ಒಂದು ಉದ್ದನೆಯ ಎಕ್ಸ್‌ಪ್ರೆಸ್ ಗಾಡಿಯನ್ನು ಮಾದರಿ ಮಾಡಿ ಮನೆಯಲ್ಲಿ ಓಡಿಸಬೇಕು ಎಂದುಕೊಳ್ಳಿ. ಮಾದರಿ ರೈಲಿನ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಅಳತೆಗೆ ಎಚ್‌ಒ ಎಂದು ಹೆಸರು. ಅಸಲಿ ಗಾಡಿಯ 87ರಲ್ಲಿ ಒಂದು ಪಾಲು ಅದು. ನೀಲಿ ಬಣ್ಣದ ಹಳೆಯ ಐಸಿಎಫ್ ಕಾರ್ಖಾನೆಯ ಬೋಗಿ 22 ಮೀಟರಿಗೆ ತುಸು ಹೆಚ್ಚು ಉದ್ದ. 87ರಿಂದ ಭಾಗಿಸಿದರೆ 25 ಸೆಂ.ಮೀ. ಚಿಲ್ಲರೆ. ಅಂಥ 24 ಬೋಗಿ ಜೋಡಿಸಿದಿರೋ, ಗಾಡಿ 6 ಮೀಟರ್ ದಾಟಿತು. ಅಂದರೆ 20 ಅಡಿ. ಸೊಲ್ಲಾಪುರದ ಸಾಧಾರಣ ಮನೆಯ ಕೋಣೆ 10 ಅಡಿಗೆ 12 ಅಡಿ ಇದ್ದರೆ ದೊಡ್ಡದು. ಎಂಜಿನ್ ಬಾಗಿಲಾಚೆ, ಗಾರ್ಡ್ ಡಬ್ಬಿ ಕಿಟಕಿಯಾಚೆ! ಸೊಲ್ಲಾಪುರದಿಂದ ಹೊಟಗಿ ಜಂಕ್ಷನ್ ಸುಮಾರು 15 ಕಿ.ಮೀ. ಅದನ್ನು ಇದೇ ಅಳತೆಯಲ್ಲಿ ಇಳಿಸಿದರೂ 170 ಮೀಟರ್ ಹಳಿ ಬೇಕು.

ಹಾಗಾಗಿ ಈ ಹವ್ಯಾಸಕ್ಕೆ ಇಳಿದವರೆಲ್ಲ ಮೊದಲು ಕಲಿಯುವುದು ಕತ್ತರಿಸುವುದನ್ನು. 24 ಬೋಗಿ ಇದ್ದದ್ದು ಐದಾಗುತ್ತದೆ, ನಾಲ್ಕು ಪ್ಲ್ಯಾಟ್‌ಫಾರ್ಮ್ ಇದ್ದದ್ದು ಒಂದಾಗುತ್ತದೆ. ಇದು ಸಹಿಸಬಹುದಾದ ಸುಳ್ಳು. ಸಹಿಸಲು ಕಷ್ಟವಾದ ಇನ್ನೊಂದು ಸುಳ್ಳಿದೆ, ಅದು ಹಳಿಯಲ್ಲೇ ಇದೆ.

ನಮ್ಮ ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1676 ಮಿ.ಮೀ. 87ರಿಂದ ಭಾಗಿಸಿದರೆ 19.3 ಮಿ.ಮೀ. ಆಗಬೇಕು. ಆದರೆ ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿ 16.5 ಮಿ.ಮೀ.ನದು, ಯಾಕೆಂದರೆ ಅದನ್ನು ರೂಪಿಸಿದ್ದು ಯುರೋಪ್ ಮತ್ತು ಅಮೆರಿಕದ 1435 ಮಿ.ಮೀ. ಗೇಜಿಗೆ. ನಮ್ಮ ಅಗಲದ ಬೋಗಿಯನ್ನು ಆ ಹಳಿಯ ಮೇಲೆ ಕೂರಿಸಿದರೆ ಅಡಿಯಲ್ಲಿ ಕಾಲು ಜೋಡಿಸಿಕೊಂಡು ನಿಂತಂತೆ ಕಾಣುತ್ತದೆ. ಮೀಟರ್ ಗೇಜ್‌ನ ಲೆಕ್ಕ ನೋಡಿ: ಬೇಕಾದದ್ದು 11.5 ಮಿ.ಮೀ., ಸಿಗುವುದು 12. ಎರಡೂವರೆ ಅಡಿಯ, ಅಂದರೆ 762 ಮಿ.ಮೀ.ನ ನ್ಯಾರೋಗೇಜ್‌ಗೆ ಬೇಕಾದದ್ದು 8.8 ಮಿ.ಮೀ., ಸಿಗುವುದು 9. ಕಾಲು ಮಿಲಿಮೀಟರಿನ ವ್ಯತ್ಯಾಸವನ್ನು ಯಾವ ಕಣ್ಣೂ ಹಿಡಿಯಲಾರದು. ಸೊಲ್ಲಾಪುರ ಜಿಲ್ಲೆಯಲ್ಲಿ ಈಗ ಉಳಿದಿರುವ ಒಂದೇ ಗೇಜು ಮಾದರಿಗೆ ಒಗ್ಗುವುದಿಲ್ಲ. ಕಿತ್ತುಹೋದ ಎರಡು ಗೇಜುಗಳು ಹೇಳಿ ಮಾಡಿಸಿದ ಹಾಗೆ ಕೂರುತ್ತವೆ.

ಆ ಎರಡರ ನೆನಪು ಗಡಿಭಾಗದ ಕನ್ನಡಿಗರ ಮನೆಗಳಲ್ಲಿ ಇನ್ನೂ ಇದೆ. ಬಾಗಲಕೋಟೆಯಿಂದಲೋ ವಿಜಯಪುರದಿಂದಲೋ ಪಂಢರಪುರಕ್ಕೆ ರೈಲಿನಲ್ಲಿ ಹೊರಟ ಭಕ್ತರು ಒಂದೇ ಯಾತ್ರೆಯಲ್ಲಿ ಮೂರು ಗೇಜಿನ ಗಾಡಿ ಹತ್ತುತ್ತಿದ್ದರು. 1876-78ರ ಭೀಕರ ಬರದ ನಂತರ ಹಾಕಿದ ಹೊಟಗಿ-ಗದಗ ಮಾರ್ಗ ಮೀಟರ್ ಗೇಜ್. ಹೊಟಗಿಯಿಂದ ಕುರ್ಡುವಾಡಿವರೆಗೆ, 1860ರಲ್ಲೇ ಸೊಲ್ಲಾಪುರ ಮುಟ್ಟಿದ್ದ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಯ ಬ್ರಾಡ್‌ಗೇಜ್. ಕುರ್ಡುವಾಡಿಯಲ್ಲಿ ಗಂಟುಮೂಟೆ ಇಳಿಸಿ, ಮಕ್ಕಳನ್ನು ಎಣಿಸಿಕೊಂಡು ಮತ್ತೆ ಹತ್ತಬೇಕಾಗಿದ್ದದ್ದು ಪುಟ್ಟ ಗಾಡಿ, ಬಾರ್ಶಿ ಲೈಟ್.

ಬಾರ್ಶಿ ಲೈಟ್ ರೈಲ್ವೆಯ ಹಿಂದಿದ್ದ ತಲೆ ಎವರಾರ್ಡ್ ಕ್ಯಾಲ್ಥ್ರಪ್ ಎಂಬ ಇಂಗ್ಲಿಷ್ ಎಂಜಿನಿಯರನದು. 1882ರಲ್ಲಿ ಜಿಐಪಿ ಕಂಪನಿಗೆ ನೌಕರಿಗೆ ಬಂದವನು. ಬಾರ್ಶಿ ಹತ್ತಿ, ಎಣ್ಣೆಬೀಜಗಳ ದೊಡ್ಡ ಪೇಟೆ. ಮುಖ್ಯ ಮಾರ್ಗ ಮಾತ್ರ 21 ಮೈಲಿ ದೂರ. ಆ ಅಂತರಕ್ಕೆ ಅಗ್ಗದ, ಹಗುರದ ರೈಲು ಸಾಕು ಎಂದು ಅವನು ವರ್ಷಗಟ್ಟಲೆ ವಾದಿಸಿದ. ಅವನ ಸೂತ್ರ ಸರಳ: ಎಂಜಿನ್ ಇರಲಿ, ಡಬ್ಬಿ ಇರಲಿ, ಒಂದೊಂದು ಅಚ್ಚಿನ ಮೇಲೆ ಬೀಳುವ ಭಾರ 5 ಟನ್ ಮೀರಕೂಡದು. ಹಾಗಾದರೆ ಗಜಕ್ಕೆ 30 ಪೌಂಡು ತೂಗುವ ತೆಳು ಹಳಿ ಸಾಕು. ಇವತ್ತಿನ ಮುಖ್ಯ ಮಾರ್ಗದ, ಮೀಟರಿಗೆ 60 ಕಿಲೋ ತೂಗುವ ಹಳಿಯ ಕಾಲು ಭಾಗ ಅದು. ಗೂಡ್ಸ್ ಡಬ್ಬಿಗಳಿಗೆಲ್ಲ 25 ಅಡಿ ಉದ್ದ, 7 ಅಡಿ ಅಗಲದ ಒಂದೇ ಬಗೆಯ ಉಕ್ಕಿನ ಚೌಕಟ್ಟು. ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ 1896ರಲ್ಲಿ ತುಂಡು ಹಳಿ ಹಾಕಿ, ಕಿಟ್ಸನ್ ಕಂಪನಿ ಕಟ್ಟಿದ ಎಂಜಿನನ್ನು ಓಡಿಸಿ ಪ್ರದರ್ಶನ ಕೊಟ್ಟ. 1897ರಲ್ಲಿ ಕುರ್ಡುವಾಡಿ-ಬಾರ್ಶಿ ಮಾರ್ಗ ತೆರೆಯಿತು. ಆಗ ಕುರ್ಡುವಾಡಿ ಠೇಸನ್ನಿನ ಹೆಸರೇ ಬಾರ್ಶಿ ರೋಡ್. 1906ರಲ್ಲಿ ಪಂಢರಪುರ, 1911ರಲ್ಲಿ ಲಾತೂರ, 1927ರಲ್ಲಿ ಮೀರಜ್. ಒಟ್ಟು 202 ಮೈಲಿ, ಸುಮಾರು 325 ಕಿ.ಮೀ. ಮೀರಜ್ ಮುಟ್ಟಿದ ವರ್ಷವೇ ಕ್ಯಾಲ್ಥ್ರಪ್ ತೀರಿಕೊಂಡ. ಆ ಹೊತ್ತಿಗೆ ಅವನು ರೈಲು ಬಿಟ್ಟು ವಿಮಾನ ಚಾಲಕರಿಗೆ ಪ್ಯಾರಾಶೂಟ್ ರೂಪಿಸಿದ್ದ, ಅರಬ್ಬಿ ಕುದುರೆ ಸಾಕಿದ್ದ. ಅದು ಬೇರೆಯೇ ಕಥೆ. 1954ರಲ್ಲಿ ಮಾರ್ಗ ಸರ್ಕಾರದ ಕೈಗೆ ಬಂತು. ಈ ಶತಮಾನದ ಮೊದಲ ಹತ್ತು-ಹನ್ನೆರಡು ವರ್ಷಗಳಲ್ಲಿ ಹಂತ ಹಂತವಾಗಿ ಬ್ರಾಡ್‌ಗೇಜ್ ಆಯಿತು.

ಮಾದರಿಗಾರನ ಕಣ್ಣಿನಿಂದ ಈ ರೈಲನ್ನು ನೋಡಿದರೆ ಆಸೆ ಹುಟ್ಟುತ್ತದೆ. 25 ಅಡಿಯ ಡಬ್ಬಿ ಎಚ್‌ಒ ಅಳತೆಯಲ್ಲಿ 9 ಸೆಂ.ಮೀ.ಗೂ ಕಡಿಮೆ, ಅಗಲ ಎರಡೂವರೆ. ಉದ್ದ ಬೋಗಿಗಳ ಬ್ರಾಡ್‌ಗೇಜ್ ಗಾಡಿ ಅಂದವಾಗಿ ತಿರುಗಬೇಕಾದರೆ ತಿರುವಿಗೆ ಕನಿಷ್ಠ ಎರಡು ಅಡಿ ತ್ರಿಜ್ಯ ಬೇಕು. ಒಂದು ಸುತ್ತಿಗೇ ನಾಲ್ಕು ಅಡಿ ಅಗಲ ಹೋಯಿತು. 9 ಮಿ.ಮೀ. ಹಳಿಯ ಪುಟ್ಟ ಗಾಡಿ 9 ಇಂಚು ತ್ರಿಜ್ಯದಲ್ಲಿ ತಿರುಗುತ್ತದೆ. ಎರಡು ಅಡಿ ಅಗಲ, ಆರು ಅಡಿ ಉದ್ದದ ಒಂದು ಬಾಗಿಲ ಹಲಗೆಯ ಮೇಲೆ ಕುರ್ಡುವಾಡಿಯೂ ಬರುತ್ತದೆ, ಸುತ್ತು ಹಾದಿಯೂ ಬರುತ್ತದೆ. ಬ್ರಾಡ್‌ಗೇಜನ್ನು ಹಲಗೆಯ ಹಿಂಬದಿ ಅಂಚಿಗೆ ನೇರ ಎರಡು ಸಾಲಾಗಿ ಹಾಕಿದರೆ ಮುಗಿಯಿತು. ಅಲ್ಲಿ ತಿರುವು ಇಲ್ಲದ ಕಾರಣ 19.3 ಮಿ.ಮೀ. ಅಂತರವನ್ನು ಕೈಯಿಂದಲೇ ಅಳೆದು, ತಾಮ್ರ ಹೊದಿಸಿದ ಸರ್ಕಿಟ್ ಬೋರ್ಡಿನ ಪಟ್ಟಿಗಳನ್ನು ಸ್ಲೀಪರ್ ಮಾಡಿ, ಹಳಿಯನ್ನು ಬೆಸೆಯಬಹುದು. ಮೊದಲೇ ಹೇಳಿದ ಸುಳ್ಳು ಅಲ್ಲಿಗೆ ತಪ್ಪಿತು.

ಎಂಜಿನ್ ಎಲ್ಲಿಂದ ತರುವುದು? ಬಾರ್ಶಿಯ ಎಂಟು ಚಾಲನಾ ಚಕ್ರ, ನಾಲ್ಕು ಹಿಂಚಕ್ರದ ಆ ಟ್ಯಾಂಕ್ ಎಂಜಿನ್ ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿಟ್ಟು ಮಾರುವ ವಸ್ತುವಲ್ಲ. ಎನ್ ಎಂಬ ಇನ್ನೂ ಚಿಕ್ಕ ಅಳತೆಯ, ಅಂದರೆ 160ರಲ್ಲಿ ಒಂದು ಪಾಲಿನ ಗಾಡಿಗಳು ಓಡುವುದೂ 9 ಮಿ.ಮೀ. ಹಳಿಯ ಮೇಲೆಯೇ. ಆ ಎಂಜಿನ್ನಿನ ಮೋಟಾರು-ಚಕ್ರಗಳನ್ನು ಇಟ್ಟುಕೊಂಡು, ಮೇಲಿನ ಮೈಯನ್ನು ಹಿತ್ತಾಳೆ ತಗಡಿನಲ್ಲೋ ಪ್ಲಾಸ್ಟಿಕ್ ಹಾಳೆಯಲ್ಲೋ ತ್ರಿಡಿ ಪ್ರಿಂಟರಿನಲ್ಲೋ ಕಟ್ಟುವುದು ನ್ಯಾರೋಗೇಜ್ ಹವ್ಯಾಸಿಗಳ ಹಳೆಯ ಉಪಾಯ. ಹೊರದೇಶದಿಂದ ಬರುವ ಮಾಲು, ಮೇಲೆ ಸುಂಕ. ಬೆಲೆ ಕಚ್ಚುತ್ತದೆ ಎಂಬುದು ನಿಜ. ಆದರೆ ಇಲ್ಲಿ ಬೇಕಾದದ್ದು ಒಂದೋ ಎರಡೋ ಎಂಜಿನ್. ಉಳಿದದ್ದೆಲ್ಲ ಕೈಕೆಲಸ.

ಹಲಗೆಗೆ 12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ಮರದ ಪಟ್ಟಿಯ ಚೌಕಟ್ಟು, ಎತ್ತರ ನಿಂತವರ ಮೊಣಕೈ ಮಟ್ಟಕ್ಕೆ. ಸೊಲ್ಲಾಪುರದ ಬೇಸಿಗೆ 42 ಡಿಗ್ರಿ ದಾಟುವುದು ಹೊಸದಲ್ಲ. ಜನವರಿಯ ಬೆಳಗಿನ ಥಂಡಿಯಲ್ಲಿ ಬಿಗಿಯಾಗಿ ಜೋಡಿಸಿದ ಹಳಿ ಮೇ ತಿಂಗಳ ಮಧ್ಯಾಹ್ನಕ್ಕೆ ಮೀಟರಿಗೆ ಅರ್ಧ ಮಿ.ಮೀ.ನಷ್ಟು ಹಿಗ್ಗಿ, ಜಾಗ ಸಿಗದೆ ಡೊಂಕಾಗುತ್ತದೆ. ಜೋಡಣೆಯಲ್ಲಿ ಮದುವೆ ಕಾರ್ಡಿನ ದಪ್ಪದಷ್ಟು ಸಂದು ಬಿಡಿ. ಸಂದು ಬಿಟ್ಟ ಮೇಲೆ ಕರೆಂಟು ಹರಿಯಲು ಹಳಿ ಜೋಡಿಸುವ ಫಿಶ್‌ಪ್ಲೇಟನ್ನು ನಂಬಬೇಡಿ. ಒಂದೊಂದು ತುಂಡು ಹಳಿಗೂ ಕೆಳಗಿನಿಂದ ಟೆಲಿಫೋನ್ ವೈರ್ ಬೆಸೆಯಿರಿ. ಕೆಲಸ ಬೇಸರದ್ದು, ಆದರೆ ಮುಂದೆ ಗಾಡಿ ನಡುದಾರಿಯಲ್ಲಿ ನಿಂತಾಗ ಪಡುವ ಬೇಸರ ಇದಕ್ಕಿಂತ ದೊಡ್ಡದು.

ಜಲ್ಲಿ ಹಾಕುವ ಕೆಲಸಕ್ಕೆ ತಾಳ್ಮೆ ಬೇಕು. ಸೋಸಿದ ಕಪ್ಪು ಕಲ್ಲಿನ ಪುಡಿಯನ್ನು ಸ್ಲೀಪರ್‌ಗಳ ನಡುವೆ ಚಮಚದಿಂದ ಸುರಿದು, ಮೆತ್ತನೆ ಬ್ರಶ್ಶಿನಿಂದ ಸವರಿ, ಹಳಿಯ ಒಳಮೈಗೆ ಒಂದು ಕಾಳೂ ಅಂಟದ ಹಾಗೆ ನೋಡಿಕೊಳ್ಳಬೇಕು. ಆಮೇಲೆ ನೀರು ಬೆರೆಸಿದ ಫೆವಿಕಾಲ್, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ. ಸೋಪು ಇಲ್ಲದಿದ್ದರೆ ಅಂಟು ಮುತ್ತಿನಂತೆ ಗುಂಡಾಗಿ ಪುಡಿಯ ಮೇಲೆಯೇ ನಿಲ್ಲುತ್ತದೆ. ಸೋಪು ಬಿದ್ದ ಕೂಡಲೇ ಸರಕ್ಕನೆ ಒಳಗಿಳಿಯುತ್ತದೆ. ಡ್ರಾಪರಿನಿಂದ ಹನಿ ಹನಿಯಾಗಿ ಬಿಡಬೇಕು. ಗಾಡಿ ಹಳಿ ಬದಲಿಸುವ ಪಾಯಿಂಟಿನ ಚಲಿಸುವ ನಾಲಿಗೆಯ ಬಳಿ ಒಂದು ಹನಿ ಹೆಚ್ಚಾದರೂ ಅದು ಅಲ್ಲೇ ಹಿಡಿದುಕೊಳ್ಳುತ್ತದೆ. ಹೊಲಕ್ಕೆ ನಮ್ಮ ಎರೆಮಣ್ಣನ್ನೇ ಹಾಕೋಣ ಎನಿಸುತ್ತದೆ. ದಪ್ಪಗೆ ಹಾಕಿದರೆ ಒಣಗಿದಾಗ ಬಾಯಿಬಿಡುತ್ತದೆ. ಜರಡಿ ಹಿಡಿದು ತೆಳ್ಳಗೆ ಉದುರಿಸಿ. ಮೋಹೋಳದ ಕಡೆಯ ಮಾಲದಂಡಿ ಜೋಳ ಆಳೆತ್ತರ ದಾಟಿ ಬೆಳೆಯುತ್ತದೆ. ಮಾದರಿಯಲ್ಲಿ ಅದು ಎರಡೂವರೆ-ಮೂರು ಸೆಂ.ಮೀ., ತೆಂಗಿನ ನಾರಿನ ತುಂಡು ಸಾಕು.

ಹಳಿಗೆ ಬರುವ ಕರೆಂಟು 12 ವೋಲ್ಟಿನ ಡಿಸಿ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಅದಲು ಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಹೊಸ ಪದ್ಧತಿಯಾದ ಡಿಸಿಸಿಯಲ್ಲಿ ಹಳಿಗೆ ಸದಾ ಕರೆಂಟು ಇರುತ್ತದೆ, ಪ್ರತಿ ಎಂಜಿನ್ನಿನೊಳಗಿನ ಚಿಪ್ ತನ್ನ ನಂಬರಿಗೆ ಬಂದ ಆಜ್ಞೆಯನ್ನಷ್ಟೇ ಕೇಳುತ್ತದೆ. ಎರಡು ಎಂಜಿನ್ನಿನ ಬಾರ್ಶಿಗೆ ಅದು ಬೇಕೇ ಬೇಕು ಎಂದೇನಿಲ್ಲ. ಬೇಕೇ ಬೇಕಾದದ್ದು ಒರೆಸುವ ಬಟ್ಟೆ. ನಮ್ಮ ಕಡೆಯ ಧೂಳು ಹಳಿಯ ಮೇಲೆ ಪದರ ಕಟ್ಟಿದರೆ ಯಾವ ಪದ್ಧತಿಯ ಗಾಡಿಯೂ ಓಡದು. ಓಡಿಸುವ ಮುನ್ನ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸಿ, ಓಡಿಸಿದ ಮೇಲೆ ಹಳೆಯ ಸೀರೆ ಹೊದಿಸಿ.

ಇದೆಲ್ಲ ದೊಡ್ಡ ಮಟ್ಟದಲ್ಲಿ ಹೇಗಿರುತ್ತದೆ ಎಂದು ನೋಡಲು ಮಾದರಿ ರೈಲುಗಳ ಪ್ರದರ್ಶನಕ್ಕೆ ಹೆಸರಾದ ಜರ್ಮನಿಯ ಹ್ಯಾಂಬರ್ಗಿಗೆ ಹೋಗಬೇಕಿಲ್ಲ. ಸೊಲ್ಲಾಪುರದಿಂದ ಬೆಳಿಗ್ಗೆ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದರೆ ಪುಣೆ. ಅಲ್ಲಿನ ಕೋಥರೂಡಿನಲ್ಲಿ ಭಾವೂಸಾಹೇಬ ಜೋಶಿಯವರು ಕಟ್ಟಿದ ಮಾದರಿ ರೈಲುಗಳ ಸಂಗ್ರಹಾಲಯ 1998ರ ಏಪ್ರಿಲ್ 1ರಂದು ತೆರೆಯಿತು. ಹವ್ಯಾಸವಾಗಿ ಕೂಡಿಟ್ಟ ಗಾಡಿಗಳನ್ನು ಮೊದಲು ಊರೂರಿಗೆ ಒಯ್ದು ಪ್ರದರ್ಶನ ಮಾಡುತ್ತಿದ್ದರು; ಬಿಚ್ಚಿ ಕಟ್ಟುವ ತಾಪತ್ರಯ ಸಾಕಾಗಿ ಒಂದು ಖಾಯಂ ಜಾಗ ಮಾಡಿದರು. ಎಚ್‌ಒ ಅಳತೆಯ ಒಂದು ಇಡೀ ಊರು ಅಲ್ಲಿದೆ: ಉಗಿ ಗಾಡಿ, ಮೊನೊರೈಲು, ಸರ್ಕಸ್ ಡೇರೆ, ದೀಪ ಆರಿಸಿದಾಗ ಬೆಳಗುವ ಕಿಟಕಿಗಳು. ಸಂಗ್ರಹಾಲಯ ಇರುವ ರಸ್ತೆಗೆ ಜಿ.ಎ. ಕುಲಕರ್ಣಿಯವರ ಹೆಸರು. ಮರಾಠಿಯ ಆ ಕಥೆಗಾರ ಧಾರವಾಡದಲ್ಲಿ ಪಾಠ ಹೇಳಿದವರು ಎಂಬುದನ್ನು ನಮ್ಮವರು ಅಲ್ಲಿಗೆ ಹೋದಾಗ ನೆನೆದುಕೊಳ್ಳಬಹುದು. ನೋಡಿ ಬನ್ನಿ, ಆದರೆ ಅದರ ನಕಲು ಮಾಡಲು ಹೋಗಬೇಡಿ. ಆ ಊರಿಗೆ ಯುರೋಪಿನ ಚಹರೆಯಿದೆ. ಅಕ್ಕಲಕೋಟದ ಮನೆಯಲ್ಲಿ ಹಿಮದ ಬೆಟ್ಟ ಕಟ್ಟುವುದಕ್ಕಿಂತ ಬೇವಿನ ಮರ ಕಟ್ಟುವುದು ಮೇಲು ಎಂಬುದು ನನ್ನ ಪಕ್ಷ.

ಕಟ್ಟಿದ ಮೇಲೆ ಗಾಡಿಯನ್ನು ಬರೀ ಸುತ್ತು ಹಾಕಿಸಿದರೆ ಹತ್ತು ನಿಮಿಷಕ್ಕೆ ಬೇಜಾರು. ಕೈಗೆ ಕಂಟ್ರೋಲರ್ ಬಂದ ಕೂಡಲೇ ಎಲ್ಲರೂ ಜೋರಾಗಿ ಓಡಿಸುತ್ತಾರೆ. ಬಾರ್ಶಿ ಗಾಡಿಯ ವೇಗ ಗಂಟೆಗೆ 15 ಮೈಲಿ ಎಂದು ಹಿಡಿಯಿರಿ. ಎಚ್‌ಒ ಅಳತೆಯಲ್ಲಿ ಅದು ಸೆಕೆಂಡಿಗೆ 8 ಸೆಂ.ಮೀ.ಗೂ ಕಡಿಮೆ, ಆರು ಅಡಿ ಹಲಗೆಯ ಈ ತುದಿಯಿಂದ ಆ ತುದಿಗೆ 24 ಸೆಕೆಂಡು. ಅಷ್ಟು ನಿಧಾನಕ್ಕೆ, ತಡವರಿಸದೆ ಓಡಿಸಲು ಬಂದರೆ ನೀವು ಡ್ರೈವರ್ ಆದಿರಿ. ಮಾರ್ಗ ಒಂಟಿ ಹಳಿಯದು. ಎದುರಿನ ಗಾಡಿ ಒಳಗೆ ಬರುವ ತನಕ ಈ ಗಾಡಿ ಹೊರಡಕೂಡದು. ಟೋಕನ್ನಿಗೆ ಮನೆಯಲ್ಲಿರುವ ಒಂದು ಹಳೆಯ ಬಳೆ ಸಾಕು. ಅದು ಯಾರ ಕೈಯಲ್ಲಿದೆಯೋ ಅವರದೇ ಹಳಿ.

“ಅಜ್ಜಾ, ಲೈನ್ ಕ್ಲಿಯರ್ ಕೊಡ್ರಿ.”

“ತಡಿಯೋ ತಮ್ಮಾ, ಪಂಢರಪುರದ ಗಾಡಿ ಇನ್ನಾ ಬಂದಿಲ್ಲ.”

ಇಂಥ ಮಾತು ಶುರುವಾದ ಮನೆಯಲ್ಲಿ ಆಟ ಬೇಗ ಮುಗಿಯುವುದಿಲ್ಲ. ಐದು ನಿಮಿಷವನ್ನು ಒಂದು ಗಂಟೆ ಎಂದು ಎಣಿಸಿದರೆ ಇಡೀ ದಿನದ ವೇಳಾಪಟ್ಟಿ ಎರಡು ತಾಸಿನಲ್ಲಿ ನಡೆಯುತ್ತದೆ. ಬೆಳಿಗ್ಗೆ ಲಾತೂರ ಕಡೆಯಿಂದ ಹತ್ತಿಯ ಅಂಡಿಗೆ ಬಂದವು. ಅವನ್ನು ನ್ಯಾರೋಗೇಜ್ ಡಬ್ಬಿಯಿಂದ ಬ್ರಾಡ್‌ಗೇಜ್ ಡಬ್ಬಿಗೆ ದಾಟಿಸಬೇಕು. ಖಾಲಿ ಡಬ್ಬಿ ಬದಿಯ ಹಳಿಗೆ, ಎಂಜಿನ್ ನೀರಿಗೆ. ಅಷ್ಟರಲ್ಲಿ ಮುಂಬೈ ಮೇಲ್ ಬಂತೆಂದು ಗಂಟೆ. ಆಷಾಢ ಏಕಾದಶಿ ಎಂದು ಇಟ್ಟುಕೊಂಡರಂತೂ ಇದ್ದ ಡಬ್ಬಿಗಳೆಲ್ಲ ಪಂಢರಪುರಕ್ಕೇ ಬೇಕು, ಹತ್ತಿ ಅಲ್ಲೇ ಕೊಳೆಯಲಿ ಎನ್ನುವ ಪರಿಸ್ಥಿತಿ. ಇದು ಗೇಜುಗಳು ಸೇರುವ ಠೇಸನ್ನಿನ ಆಟ. ಇಷ್ಟು ಕೆಲಸ ಬೇರೆ ಯಾವ ಚಿಕ್ಕ ಹಲಗೆಯೂ ಕೊಡದು.

ಕ್ಯಾಲ್ಥ್ರಪ್ ತನ್ನ ಬಾರ್ಶಿ ಅನುಭವವನ್ನು ಒಯ್ದು ಇಂಗ್ಲೆಂಡಿನಲ್ಲೂ ಇದೇ ಗೇಜಿನ ಒಂದು ರೈಲು ಮಾಡಿದ, ಲೀಕ್ ಅಂಡ್ ಮ್ಯಾನಿಫೋಲ್ಡ್. ಉದ್ದ ಸುಮಾರು 13 ಕಿ.ಮೀ. 1904ರಲ್ಲಿ ಶುರುವಾಗಿ 1934ಕ್ಕೆ ಮುಚ್ಚಿಹೋಯಿತು. 30 ವರ್ಷ ಮಾತ್ರ ಬಾಳಿದ ಆ ರೈಲಿನ ಒಂದೊಂದು ಠೇಸನ್ನು, ಒಂದೊಂದು ಡಬ್ಬಿಯ ಅಳತೆಯನ್ನೂ ಅಲ್ಲಿನ ಹವ್ಯಾಸಿಗಳು ಕಾಪಾಡಿಕೊಂಡಿದ್ದಾರೆ, ಇವತ್ತಿಗೂ ಅದರ ಮಾದರಿ ಕಟ್ಟುತ್ತಾರೆ. ಅದಕ್ಕಿಂತ ಮೊದಲು ಹುಟ್ಟಿ ನೂರು ವರ್ಷ ಮೀರಿ ಓಡಿದ 325 ಕಿ.ಮೀ. ಬಾರ್ಶಿಯ ಬಗ್ಗೆ ನಮ್ಮ ಕಡೆ ಆ ಆಸ್ಥೆ ನನಗೆ ಕಂಡಿಲ್ಲ. ಮಾದರಿ ಕಟ್ಟುವವರಿಗೆ ಪ್ಲೈವುಡ್ಡಿಗಿಂತ ಮೊದಲು ಬೇಕಾದದ್ದು ಅಳತೆ: ಪ್ಲ್ಯಾಟ್‌ಫಾರ್ಮ್ ಎಷ್ಟು ಉದ್ದ, ನೀರಿನ ಟಾಕಿ ಯಾವ ಬದಿಗೆ, ಡಬ್ಬಿಗೆ ಯಾವ ಬಣ್ಣ. ರೈಲ್ವೆಯಲ್ಲಿ ದುಡಿದ ಹಿರಿಯರು ಇರುವ ಮನೆಗಳು ಕುರ್ಡುವಾಡಿ, ಪಂಢರಪುರ, ಹೊಟಗಿ, ಸೊಲ್ಲಾಪುರಗಳಲ್ಲಿ ಇನ್ನೂ ಇವೆ. ಟ್ರಂಕಿನಲ್ಲಿ ಹಳೆಯ ವೇಳಾಪಟ್ಟಿ, ಡ್ಯೂಟಿ ಪುಸ್ತಕ, ಎಂಜಿನ್ ಮುಂದೆ ನಿಂತು ತೆಗೆಸಿದ ಫೋಟೊ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಊರು, ವರ್ಷ ಬರೆದಿಡಿ. ಅಜ್ಜನನ್ನು ಕೂರಿಸಿ ಒಂದು ಹಾಳೆಯ ಮೇಲೆ ಯಾರ್ಡಿನ ಹಳಿಗಳನ್ನು ಗೆರೆ ಹಾಕಿಸಿ. ಆ ಹಾಳೆ ಸಿಕ್ಕರೆ ಉಳಿದ ಕೆಲಸ ಬಡಗಿಯದು.