ದಪ್ಪ ಸ್ಟೆಬಿಲೈಸರ್ ಬಾರ್, ಗಿಡ್ಡ ಸ್ಪ್ರಿಂಗ್ ಹಾಕಿಸಿದರೆ ಕಾರು ರಸ್ತೆಗೆ ಅಂಟಿಕೊಳ್ಳುತ್ತದೆಯೇ?

ಇಂಥದ್ದೊಂದು ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಘಾಟಿಯ ತಿರುವಿನಲ್ಲಿ ಕಾರೊಂದು ಚೂರೂ ವಾಲದೆ ಸರ್ರನೆ ಸಾಗುತ್ತದೆ. ಕೆಳಗೆ ಬರಹ: "ದಪ್ಪ ಸ್ಟೆಬಿಲೈಸರ್ ಬಾರ್ ಹಾಕಿಸಿ, ಸ್ಪ್ರಿಂಗ್ ಗಿಡ್ಡ ಮಾಡಿಸಿ, ಕಾರು ಪಲ್ಟಿಯಾಗುವ ಮಾತೇ ಇಲ್ಲ." ಇನ್ನೊಂದು ವಿಡಿಯೊದಲ್ಲಿ ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ಬಳೆ ತೂರಿಸಿ, "ಕಾರು ಎತ್ತರವಾಗುತ್ತದೆ, ಮೈಲೇಜೂ ಹೆಚ್ಚುತ್ತದೆ" ಎನ್ನುತ್ತಾರೆ.

ಮೊದಲನೆಯದರಲ್ಲಿ ಅರ್ಧ ಸತ್ಯ ಇದೆ. ಕಾರು ವಾಲುವುದು ಖಂಡಿತ ಕಡಿಮೆಯಾಗುತ್ತದೆ. ಆದರೆ ವಾಲದೆ ಹೋಗುವುದು ಬೇರೆ, ಟೈರಿಗೆ ರಸ್ತೆಯ ಮೇಲೆ ಹಿಡಿತ ಸಿಗುವುದು ಬೇರೆ. ಕೆಲವು ಕಾರುಗಳಲ್ಲಿ ಮೊದಲನೆಯದನ್ನು ಪಡೆಯಲು ಹೋಗಿ ಎರಡನೆಯದನ್ನು ಕಳೆದುಕೊಳ್ಳುತ್ತೀರಿ, ಅದೂ ಮಳೆಯಲ್ಲಿ. ಅದು ಹೇಗೆ ಎಂದು ನೋಡೋಣ.

ಈ ಬಾರ್ ಮಾಡುವ ಕೆಲಸ ಏನು?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಸ್ಪ್ರಿಂಗ್ ಕುಣಿಯುತ್ತಲೇ ಇರದಂತೆ ತಡೆಯುವುದು ಶಾಕ್ ಅಬ್ಸಾರ್ಬರ್. ಸ್ಟೆಬಿಲೈಸರ್ ಬಾರ್ (ಆಂಟಿ ರೋಲ್ ಬಾರ್, ಸ್ವೇ ಬಾರ್ ಎಂದರೂ ಅದೇ) ಎಡ ಮತ್ತು ಬಲ ಚಕ್ರಗಳನ್ನು ಜೋಡಿಸುವ ಒಂದು ಬಾಗಿದ ಉಕ್ಕಿನ ಸರಳು. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಅದು ತನ್ನ ಬುಷ್‌ಗಳಲ್ಲಿ ಸುಮ್ಮನೆ ತಿರುಗುತ್ತದೆ, ಏನೂ ಮಾಡುವುದಿಲ್ಲ. ಒಂದು ಚಕ್ರ ಮೇಲೆ ಹೋಗಿ ಇನ್ನೊಂದು ಕೆಳಗಿಳಿದಾಗ ಮಾತ್ರ ಸರಳು ತಿರುಚಿಕೊಳ್ಳುತ್ತದೆ, ಆ ತಿರುಚುವಿಕೆಯನ್ನು ವಿರೋಧಿಸುತ್ತದೆ. ತಿರುವಿನಲ್ಲಿ ಕಾರು ವಾಲುವಾಗ ಆಗುವುದು ಇದೇ ತಾನೆ? ಹೊಸ ಸಂಗತಿಯೇನಲ್ಲ, ಕೆನಡಾದ ಸ್ಟೀಫನ್ ಕೋಲ್ಮನ್ ಎಂಬುವರು 1919ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು.

ಸರಳಿನ ಗಡಸುತನ ಅದರ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 20 ಮಿಲಿಮೀಟರ್ ಬಾರ್ ತೆಗೆದು ಅದೇ ಆಕಾರದ 22 ಮಿಲಿಮೀಟರ್‌ನದ್ದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಗಡಸುತನ ಶೇ 46ರಷ್ಟು ಹೆಚ್ಚಿರುತ್ತದೆ. 24 ಮಿಲಿಮೀಟರ್ ಆದರೆ ಎರಡು ಪಟ್ಟು. "ಸ್ವಲ್ಪ ದಪ್ಪ ಅಷ್ಟೇ ಸಾರ್" ಎಂಬ ಮಾತನ್ನು ಕೇಳುವಾಗ ಈ ಲೆಕ್ಕ ನೆನಪಿರಲಿ.

ಭಾರ ಎಲ್ಲಿಗೆ ಹೋಗುತ್ತದೆ?

ಜನ, ಸಾಮಾನು ಎಲ್ಲ ಸೇರಿ 1200 ಕೆಜಿ ತೂಗುವ ಕಾರು ಎಂದುಕೊಳ್ಳಿ. ನೇರ ರಸ್ತೆಯಲ್ಲಿ ಎಡಗಡೆಯ ಚಕ್ರಗಳ ಮೇಲೆ 600, ಬಲಗಡೆ 600. ಈಗ ಕಾರು ತಿರುವಿಗೆ ಬಂತು. ತೂಕದ ಅರ್ಧದಷ್ಟು ಬಲ ಪಕ್ಕಕ್ಕೆ ಎಳೆಯುವಷ್ಟು ಬಿರುಸಿನ ತಿರುವು. ಕಾರಿನ ಭಾರಕೇಂದ್ರ ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದು, ಎಡ ಬಲ ಚಕ್ರಗಳ ನಡುವಿನ ಅಂತರ 150 ಸೆಂಟಿಮೀಟರ್ ಇದ್ದರೆ, ಒಳಬದಿಯ ಚಕ್ರಗಳಿಂದ ಹೊರಬದಿಗೆ ಸುಮಾರು 220 ಕೆಜಿ ಭಾರ ಸರಿಯುತ್ತದೆ. ಅಂದರೆ ಹೊರಗೆ 820, ಒಳಗೆ 380.

ಈ ಲೆಕ್ಕದಲ್ಲಿ ಸ್ಪ್ರಿಂಗ್ ಎಲ್ಲೂ ಬರಲಿಲ್ಲ, ಸ್ಟೆಬಿಲೈಸರ್ ಬಾರ್ ಕೂಡ ಬರಲಿಲ್ಲ. ತೂಕ, ತಿರುವಿನ ಬಿರುಸು, ಎತ್ತರ, ಅಗಲ, ಇಷ್ಟೇ. ಕಾರು ವಾಲಿದಾಗ ಭಾರಕೇಂದ್ರ ಕೊಂಚ ಪಕ್ಕಕ್ಕೆ ಜರುಗುವುದರಿಂದ ಇನ್ನೊಂದಿಷ್ಟು ಸೇರುತ್ತದೆ, ಅದು ಅಲ್ಪ. ಬಾರ್ ದಪ್ಪವಾದರೆ 220 ಕೆಜಿ ಹೆಚ್ಚುಕಡಿಮೆ 220 ಆಗಿಯೇ ಉಳಿಯುತ್ತದೆ. ಸ್ಪ್ರಿಂಗ್ ಬದಲಿಸಿ ಕಾರನ್ನು 3 ಸೆಂಟಿಮೀಟರ್ ತಗ್ಗಿಸಿದರೆ? 208 ಆಗುತ್ತದೆ. ಹನ್ನೆರಡು ಕೆಜಿ ಉಳಿತಾಯ. ಹಿಂದಿನ ಸೀಟಿನ ಮೇಲಿಟ್ಟ ಅಕ್ಕಿ ಚೀಲ ಅದಕ್ಕಿಂತ ಭಾರ ಇರುತ್ತದೆ. ಪಲ್ಟಿಯಾಗುವ ಅಪಾಯ ಕೂಡ ಮುಖ್ಯವಾಗಿ ಇದೇ ಎತ್ತರ ಮತ್ತು ಅಗಲವನ್ನು ಅವಲಂಬಿಸಿದೆ, ಸರಳಿನ ದಪ್ಪವನ್ನಲ್ಲ.

ಹಾಗಾದರೆ ಬಾರ್ ಬದಲಿಸುವುದರಿಂದ ಏನು ಬದಲಾಗುತ್ತದೆ? ಆ 220 ಕೆಜಿಯಲ್ಲಿ ಮುಂದಿನ ಜೋಡಿ ಚಕ್ರಗಳ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದು. ಯಾವ ಕಡೆ ಗಡಸು ಹೆಚ್ಚೋ ಆ ಕಡೆ ಪಾಲು ಹೆಚ್ಚು.

ಪಾಲು ಹೆಚ್ಚಾದರೆ ತೊಂದರೆ ಏನೆಂದರೆ, ಟೈರಿನ ಮೇಲೆ ಎರಡು ಪಟ್ಟು ಭಾರ ಹಾಕಿದರೆ ಹಿಡಿತ ಎರಡು ಪಟ್ಟು ಆಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಎರಡು ಕೈಯಲ್ಲಿ ಒಂದೊಂದು ಬಕೆಟ್ ನೀರು ಹಿಡಿದು ಬಾವಿಯಿಂದ ಮನೆಗೆ ಬರಬಹುದು. ಎರಡೂ ಬಕೆಟ್ ಒಂದೇ ಕೈಗೆ ಬಂದರೆ ಆ ಕೈ ಸೋಲುತ್ತದೆ, ಇನ್ನೊಂದು ಕೈ ಖಾಲಿ ಇರುತ್ತದೆ. ಹಾಗೆಯೇ ಯಾವ ಜೋಡಿಯಲ್ಲಿ ಭಾರ ಹೆಚ್ಚು ಸರಿಯುತ್ತದೋ ಆ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ.

ಕಂಪನಿಗಳು ಸಾಮಾನ್ಯ ಕಾರುಗಳನ್ನು ಬೇಕೆಂದೇ ಮುಂದಿನ ಚಕ್ರ ಮೊದಲು ಜಾರುವಂತೆ ರೂಪಿಸುತ್ತವೆ. ಮುಂದಿನದು ಜಾರಿದರೆ ಕಾರು ನೀವು ತಿರುಗಿಸಿದಷ್ಟು ತಿರುಗದೆ ಸ್ವಲ್ಪ ನೇರಕ್ಕೆ ಹೋಗುತ್ತದೆ. ನೀವು ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೀರಿ, ವೇಗ ಇಳಿಯುತ್ತದೆ, ಹಿಡಿತ ಮರಳುತ್ತದೆ. ಹೆದರಿದವರು ತಾನಾಗಿ ಮಾಡುವ ಕೆಲಸವೇ ಇಲ್ಲಿ ಮದ್ದು. ಹಿಂದಿನ ಚಕ್ರ ಮೊದಲು ಜಾರಿದರೆ ಕಾರಿನ ಬಾಲ ಹೊರಕ್ಕೆ ಬೀಸುತ್ತದೆ. ಆಗ ಕಾಲು ತೆಗೆದರೆ ಭಾರ ಮುಂದಕ್ಕೆ ಬಂದು ಹಿಂಬದಿ ಇನ್ನಷ್ಟು ಹಗುರಾಗುತ್ತದೆ, ಕಾರು ಗಿರ್ರನೆ ಸುತ್ತುತ್ತದೆ.

ಮುಂದಿನ ಚಕ್ರ ಎಳೆಯುವ ಹ್ಯಾಚ್‌ಬ್ಯಾಕ್‌ಗಳಿಗೆ "ಹಿಂದೆ ದಪ್ಪ ಬಾರ್ ಹಾಕಿ, ಸ್ಟೀರಿಂಗ್ ಚುರುಕಾಗುತ್ತದೆ" ಎಂಬ ಸಲಹೆ ಸಿಗುತ್ತದೆ. ಚುರುಕಾಗುವುದು ನಿಜ. ಏಕೆಂದರೆ ಕಾರು ಜಾರುವ ಕ್ರಮವನ್ನೇ ಅದು ಬದಲಿಸುತ್ತಿದೆ. ರೇಸ್ ಟ್ರ್ಯಾಕಿನಲ್ಲಿ, ಅನುಭವಿ ಚಾಲಕನಿಗೆ ಇದು ಬೇಕಾಗಬಹುದು. ಚಾರ್ಮಾಡಿಯ ಒದ್ದೆ ತಿರುವಿನಲ್ಲಿ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಯಾಕೆ ಬೇಕು? ಇನ್ನೊಂದು ಮಾತು: ಮಳೆಯಲ್ಲಿ ಓಡಿಸಬೇಕಾಗಿ ಬಂದಾಗ ರೇಸ್ ತಂಡಗಳು ಸಾಮಾನ್ಯವಾಗಿ ಬಾರನ್ನು ಮೆದು ಮಾಡುತ್ತವೆ, ಕೆಲವೊಮ್ಮೆ ಕಳಚಿಯೇ ಇಡುತ್ತವೆ. ಫಾರ್ವರ್ಡ್ ಹೇಳುವುದಕ್ಕೆ ಪೂರ್ತಿ ಉಲ್ಟಾ.

ಹದ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ 1997ರಲ್ಲಿ ಸಿಕ್ಕಿತು. ಸ್ವೀಡನ್ನಿನ ಪತ್ರಿಕೆಯೊಂದು ಹೊಸ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು, ರಸ್ತೆಗೆ ದಿಢೀರ್ ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸುವ ರೀತಿಯ ಪರೀಕ್ಷೆಗೆ ಒಡ್ಡಿದಾಗ ಕಾರು ಮಗುಚಿಬಿತ್ತು. ಕಂಪನಿ ಮಾರಾಟ ನಿಲ್ಲಿಸಿ, ಸಸ್ಪೆನ್ಷನ್ ಬದಲಿಸಿ, ಜಾರುವಿಕೆ ತಡೆಯುವ ಇಎಸ್‌ಪಿ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸ್‌ಗಳಿಗೂ ಅಳವಡಿಸಬೇಕಾಯಿತು. ಎಂಜಿನಿಯರುಗಳ ಪಡೆಯೇ ಇರುವ ಕಂಪನಿಗೂ ಕೈಕೊಟ್ಟ ಲೆಕ್ಕ ಇದು. ಈಗಿನ ಕಾರುಗಳ ಇಎಸ್‌ಪಿ ಕೂಡ ಆ ಕಾರಿನ ಮೂಲ ಸ್ಪ್ರಿಂಗ್, ಬಾರ್, ಟೈರುಗಳಿಗೆ ಹೊಂದಿಸಿದ್ದು.

ನಮ್ಮ ರಸ್ತೆಯ ಗುಂಡಿಗಳ ಮಾತೂ ಇದೆ. ಗಡಸು ಬಾರ್ ಇದ್ದರೆ ಎಡಚಕ್ರ ಗುಂಡಿಗೆ ಇಳಿದ ಪೆಟ್ಟು ಬಲಚಕ್ರಕ್ಕೂ ದಾಟುತ್ತದೆ, ಒಳಗೆ ಕೂತವರ ತಲೆ ಆಚೀಚೆ ತೂಗುತ್ತದೆ. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಕಲ್ಲುಮುಳ್ಳಿನ ದಾರಿಗೆ ಇಳಿದಾಗ ಮುಂದಿನ ಬಾರನ್ನು ಬೇರ್ಪಡಿಸಲು ಒಂದು ಬಟನ್ನೇ ಕೊಟ್ಟಿರುವುದು ಸುಮ್ಮನೆ ಅಲ್ಲ.

ಸ್ಪ್ರಿಂಗ್ ಕತ್ತರಿಸುವುದು, ರಬ್ಬರ್ ತುರುಕುವುದು

ಕಾರು ತಗ್ಗಿಸಲು ಅಗ್ಗದ ದಾರಿ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವುದು. ಕೆಲಸ ಮಾಡುವ ಸುತ್ತು 5 ಇದ್ದದ್ದು 4 ಆದರೆ ಗಡಸುತನ ಶೇ 25 ಏರುತ್ತದೆ. ಗ್ಯಾಸ್ ಕಟ್ಟರ್‌ನಲ್ಲಿ ಕತ್ತರಿಸಿದರೆ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಜೊತೆಗೆ ಸ್ಪ್ರಿಂಗಿನ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಹಂಪ್ ಹಾರಿದಾಗ ಚಕ್ರ ಪೂರ್ತಿ ಕೆಳಗಿಳಿದರೆ, ಗಿಡ್ಡವಾದ ಸ್ಪ್ರಿಂಗ್ ಸಡಿಲಗೊಂಡು ಜಾಗ ತಪ್ಪಬಹುದು. ಕತ್ತರಿಸಿದ ಸ್ಪ್ರಿಂಗನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಕಂಪನಿಯೇ ಮಾಡಿದ ಗಿಡ್ಡ ಸ್ಪ್ರಿಂಗ್ ಇದಕ್ಕಿಂತ ಎಷ್ಟೋ ಮೇಲು. ಆದರೆ ಗಡಸು ಸ್ಪ್ರಿಂಗನ್ನು ಅಡಗಿಸಲು ಗಡಸು ಶಾಕ್ ಅಬ್ಸಾರ್ಬರ್ ಬೇಕು. ಹಳೆಯದನ್ನೇ ಉಳಿಸಿಕೊಂಡರೆ ಕಾರು ಪುಟಿಯುತ್ತದೆ, ಪುಟಿಯುವ ಕ್ಷಣದಲ್ಲಿ ಟೈರಿಗೆ ಹಿಡಿತ ಇರುವುದಿಲ್ಲ. ಹಂಪ್ ವಿಷಯಕ್ಕೆ ಬಂದರೆ, ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಿಮ್ಮೂರಿನಲ್ಲಿ ಅಂಥದ್ದೊಂದು ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ!

ಸುರುಳಿಗಳ ನಡುವಿನ ರಬ್ಬರ್ ಬಳೆ ಆ ಸುತ್ತುಗಳು ಕುಗ್ಗದಂತೆ ತಡೆಯುತ್ತದೆ. ಹಾಗಾಗಿ ಕಾರು ತುಸು ಏರುತ್ತದೆ, ಸ್ಪ್ರಿಂಗ್ ಗಡಸಾಗುತ್ತದೆ, ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಮೈಲೇಜಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಹಾಕಿಸಲೇಬೇಕು ಎನ್ನುವವರಿಗೆ

ಮೊದಲು ನಿಮ್ಮ ಕಾರಿನ ಹಿಂಬದಿ ನೋಡಿ. ಅನೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಂದೆ ಎರಡೂ ಚಕ್ರಗಳನ್ನು ಸೇರಿಸುವ ತಿರುಚು ತೊಲೆ ಇರುತ್ತದೆ. ಸ್ಟೆಬಿಲೈಸರ್ ಬಾರಿನ ಕೆಲಸವನ್ನು ಅದೇ ಮಾಡುತ್ತಿರುತ್ತದೆ.

ಕೆಲಸ ನಡೆಯುವಾಗ ಕಾರು ಬರೀ ಜಾಕಿನ ಮೇಲೆ ನಿಂತಿರಬಾರದು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇರಬೇಕು. ಎರಡೂ ಚಕ್ರ ಒಂದೇ ಎತ್ತರದಲ್ಲಿರಲಿ. ಒಂದೇ ಬದಿ ಎತ್ತಿದರೆ ಬಾರ್ ತಿರುಚಿಕೊಂಡೇ ಇರುತ್ತದೆ, ಬೋಲ್ಟ್ ಕಳಚಿದ ಕೂಡಲೇ ಕೈಗೆ ಹೊಡೆಯುತ್ತದೆ. ಸ್ಪ್ರಿಂಗನ್ನು ಕಂಪ್ರೆಸರ್‌ನಿಂದ ಅದುಮಿ ಹಿಡಿಯದೆ ಶಾಕ್ ಅಬ್ಸಾರ್ಬರಿನ ಮೇಲಿನ ನಟ್ ಬಿಚ್ಚುವುದು ಪ್ರಾಣಕ್ಕೇ ಅಪಾಯ. ಮನೆಯಂಗಳದಲ್ಲಿ ಯೂಟ್ಯೂಬ್ ನೋಡಿ ಮಾಡುವ ಕೆಲಸ ಇದಲ್ಲ. ಬಹಳಷ್ಟು ಕಡೆ ತಪ್ಪುವ ಒಂದು ಹೆಜ್ಜೆ: ಲೋವರ್ ಆರ್ಮ್‌ನ ರಬ್ಬರ್ ಬುಷ್‌ಗಳ ಬೋಲ್ಟನ್ನು ಕೊನೆಯಲ್ಲಿ ಬಿಗಿಯುವಾಗ ಕಾರಿನ ಭಾರ ಚಕ್ರಗಳ ಮೇಲೆ ಇರಬೇಕು. ಚಕ್ರ ಜೋತಾಡುವಾಗಲೇ ಬಿಗಿದರೆ, ಕಾರು ಇಳಿಸಿದಾಗ ರಬ್ಬರ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ಎತ್ತರ ಬದಲಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ಬೆಳಕಿನ ಮಟ್ಟವನ್ನೂ ಸರಿಪಡಿಸಿ.

ಕಾನೂನಿನ ಮಾತು ಚಿಕ್ಕದಾಗಿ: ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದ ಪ್ರಕರಣವೊಂದರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಇದೆ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ನಂತರ ತಕರಾರಿಗೆ ಎಡೆಯಾಗಬಹುದು.

ನಿಮ್ಮ ಕಾರು ಮೊದಲಿಗಿಂತ ಹೆಚ್ಚು ವಾಲುತ್ತಿದೆ, ಗುಂಡಿಯಲ್ಲಿ ಮುಂದಿನಿಂದ ಕಟಕಟ ಸದ್ದು ಬರುತ್ತಿದೆ ಎಂದಾದರೆ ಹೊಸ ಬಾರ್ ಹುಡುಕುವ ಮುನ್ನ ಗ್ಯಾರೇಜಿಗೆ ಹೋಗಿ ಲಿಂಕ್ ರಾಡ್ ಮತ್ತು ಬಾರಿನ ಬುಷ್ ನೋಡಿಸಿ. ಕಾರನ್ನು ಲಿಫ್ಟ್ ಮೇಲೆ ಏರಿಸಿದಾಗ ಲಿಂಕ್ ರಾಡನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಸವೆದದ್ದು ಹೆಚ್ಚಾಗಿ ಅಲ್ಲೇ ಗೊತ್ತಾಗುತ್ತದೆ. ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ, ಶಾಕ್ ಅಬ್ಸಾರ್ಬರಿನಿಂದ ಎಣ್ಣೆ ಸೋರುತ್ತಿದೆಯೇ ಎಂದೂ ಅದೇ ಹೊತ್ತಿಗೆ ನೋಡಿಸಿಕೊಳ್ಳಿ.