ಪಿನ್‌ಕೋಡಿನೊಳಗಿನ ಗಣಿತ

ಪ್ರಶ್ನೆ: ಹುಣಸೂರಿನ ಪಿನ್‌ಕೋಡ್ 571105. ಇದು ಅವಿಭಾಜ್ಯ ಸಂಖ್ಯೆಯೇ? ನಮ್ಮ ಅಕ್ಕಪಕ್ಕದ ತಾಲ್ಲೂಕುಗಳದ್ದು?

ಉತ್ತರ: ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ಈ ನಾಲ್ಕರಲ್ಲಿ ಒಂದೂ ಅವಿಭಾಜ್ಯವಲ್ಲ. ಇದನ್ನು ತಿಳಿಯಲು ಕ್ಯಾಲ್ಕ್ಯುಲೇಟರ್ ಕೂಡ ಬೇಡ.

571105ರ ಕೊನೆಯ ಅಂಕಿ 5. ಹಾಗಾಗಿ ಅದು 5ರಿಂದ ಭಾಗವಾಗುತ್ತದೆ: 5 × 114221. ಎಚ್.ಡಿ. ಕೋಟೆಯ 571114 ಸಮಸಂಖ್ಯೆ: 2 × 285557.

ಪಿರಿಯಾಪಟ್ಟಣದ 571107 ಮೇಲ್ನೋಟಕ್ಕೆ ಅವಿಭಾಜ್ಯದಂತೆ ಕಾಣುತ್ತದೆ. ಆದರೆ ಅಂಕಿಗಳನ್ನು ಕೂಡಿ ನೋಡಿ: 5+7+1+1+0+7 = 21. ಮೊತ್ತ 3ರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆ: 3 × 190369. ಕಾರಣ ಸರಳ. 10 ಎಂದರೆ 9+1, 100 ಎಂದರೆ 99+1, 1000 ಎಂದರೆ 999+1. 9, 99, 999 ಎಲ್ಲವೂ 3ರ ಅಪವರ್ತ್ಯಗಳು. ಅವನ್ನು ತೆಗೆದರೆ ಉಳಿಯುವುದು ಅಂಕಿಗಳ ಮೊತ್ತ ಮಾತ್ರ.

ಕೆ.ಆರ್. ನಗರದ 571602ರ ಅಂಕಿಗಳ ಮೊತ್ತವೂ 21. ಜೊತೆಗೆ ಅದು ಸಮಸಂಖ್ಯೆ. ಆದ್ದರಿಂದ 2, 3, 6 ಮೂರರಿಂದಲೂ ಭಾಗವಾಗುತ್ತದೆ: 6 × 95267.

1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂದದ್ದು ಅಂಚೆ ವಿಂಗಡಣೆಗಾಗಿ. ಮೊದಲ ಅಂಕಿ 5 ನಮ್ಮ ವಲಯವನ್ನು ಸೂಚಿಸುತ್ತದೆ. ಗಣಿತ ಕಲಿಯಲೂ ಪಿನ್‌ಕೋಡ್ ಒಳ್ಳೆಯ ಸಾಧನ. ನಿಮ್ಮ ಊರಿನ ಸಂಖ್ಯೆಯನ್ನು ಮಕ್ಕಳ ಜೊತೆ ಕುಳಿತು ಇಂದೇ ಪರೀಕ್ಷಿಸಿ.